ಟ್ರೇಲರ್ ಎಳೆಯುವ ವಾಹನದ ಹಿಂಬದಿ ಕುಸಿದಾಗ: ಗಾಳಿಚೀಲ ಸಸ್ಪೆನ್ಷನ್‌ನ ದೋಷ ಪತ್ತೆ

ಬೇಸಿಗೆಯಲ್ಲಿ ನೀರಿನ ಟ್ಯಾಂಕು, ಉಳಿದ ಕಾಲದಲ್ಲಿ ಒಣಕಸ, ಪೈಪು, ಜಲ್ಲಿ. ಬಾಳಗಡಿಯ ಸುತ್ತಮುತ್ತ ಮತ್ತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದ ಏರಿಳಿತದ ರಸ್ತೆಗಳಲ್ಲಿ ಟ್ರೇಲರ್ ಎಳೆಯುವ ಪಿಕಪ್ ವಾಹನದ ಹಿಂಬದಿಗೆ ಬೀಳುವ ಹೊರೆ ಸಣ್ಣದಲ್ಲ. ಇಂತಹ ವಾಹನಗಳು ಕಾರ್ಖಾನೆಯಿಂದ ಸಾಮಾನ್ಯವಾಗಿ ಪ್ಲೇಟು ಸ್ಪ್ರಿಂಗಿನೊಡನೆ ಬರುತ್ತವೆ. ಹಿಂಬದಿ ತಗ್ಗುತ್ತದೆಂಬ ಕಾರಣಕ್ಕೆ ಚಾಸಿಗೂ ಸ್ಪ್ರಿಂಗಿಗೂ ನಡುವೆ ರಬ್ಬರಿನ ಗಾಳಿಚೀಲಗಳನ್ನು ಅನಂತರ ಅಳವಡಿಸುವುದುಂಟು. ಐರಾವತ ಬಸ್ಸಿನ ಅಡಿಯಿಂದ ಕೇಳಿಬರುವ ‘ಉಸ್’ ಎಂಬ ಸದ್ದಿನ ಹಿಂದಿರುವ ತತ್ತ್ವವೂ ಇದೇ.

ಗಾಳಿಚೀಲದ ವಾಹನ ಬೆಳಗಾಗುವಷ್ಟರಲ್ಲಿ ಹಿಂದಕ್ಕೆ ಕುಳಿತಿದ್ದರೆ ಮೊದಲ ಅನುಮಾನ ಕಂಪ್ರೆಸರ್ ಮೇಲೆ ಹೋಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದು ಅಪರಾಧಿಯಲ್ಲ. ಚೀಲದಲ್ಲೋ ಪೈಪಿನಲ್ಲೋ ಗಾಳಿ ಸೋರುತ್ತಿದ್ದರೆ ಎತ್ತರ ಕಾಯ್ದುಕೊಳ್ಳಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ, ಕಾದು, ಸುಟ್ಟುಹೋಗುತ್ತದೆ. ಸೋರಿಕೆಯನ್ನು ಹುಡುಕದೆ ಹೊಸದನ್ನು ಕೂರಿಸಿದರೆ ಅದರ ಗತಿಯೂ ಅಷ್ಟೇ. ಪಂಚಾಯಿತಿಯ ಹಣ ಎರಡು ಬಾರಿ ವ್ಯಯವಾಗುವುದು ಇಲ್ಲಿಯೇ.

ಪರೀಕ್ಷೆಗೆ ಬೇಕಾದುದು ಒಂದು ಅಳತೆ ಟೇಪು ಮತ್ತು ಸಾಬೂನು ನೀರು. ಟ್ರೇಲರ್ ಕಳಚಿ, ವಾಹನವನ್ನು ಖಾಲಿ ಮಾಡಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಯಲ್ಲಿ ಅಳೆದು ಬರೆದಿಡಬೇಕು. ಮರುದಿನ ಬೆಳಿಗ್ಗೆ ಮತ್ತೆ ಅಳೆಯಬೇಕು. ಒಂದೇ ಬದಿ ತಗ್ಗಿದ್ದರೆ ಆ ಬದಿಯ ಚೀಲ ಅಥವಾ ಪೈಪು. ಎರಡೂ ತಗ್ಗಿದ್ದರೆ ಎರಡಕ್ಕೂ ಸಾಮಾನ್ಯವಾದ ಪೈಪು ಅಥವಾ ವಾಲ್ವ್. ಖಾಲಿ ನಿಂತಾಗ ತಗ್ಗದೆ ಟ್ರೇಲರ್ ಕಟ್ಟಿದಾಗ ಮಾತ್ರ ತಗ್ಗುವುದಾದರೆ ದೋಷವಿರುವುದು ಹೊರೆಯಲ್ಲಿ. ಸಾಬೂನು ನೀರನ್ನು ಕೀಲುಗಳಿಗೂ ಚೀಲದ ಮಡಿಕೆಗಳಿಗೂ ಸವರಿದಾಗ ಗುಳ್ಳೆ ಏಳುವ ಜಾಗವೇ ಸೋರಿಕೆಯ ಜಾಗ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿದ್ದರೆ ಅದು ಕೀಲಿನಲ್ಲಿ ಬಿಗಿಯಾಗಿ ಕೂರುವುದಿಲ್ಲ. ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಮತ್ತೆ ತೂರಿಸಿದರೆ ಅನೇಕ ಬಾರಿ ಖರ್ಚೇ ಇಲ್ಲದೆ ಕೆಲಸ ಮುಗಿಯುತ್ತದೆ. ಸೈಲೆನ್ಸರಿಗೆ ತಾಗುವ ಪೈಪನ್ನೂ ಮಡಿಕೆಯೊಳಗೆ ಸೇರಿ ರಬ್ಬರನ್ನು ಉಜ್ಜುವ ತೋಟದ ರಸ್ತೆಯ ಕೆಸರನ್ನೂ ನೋಡತಕ್ಕದ್ದು. ಯಾವ ಕಾರಣಕ್ಕೂ ಗಾಳಿಚೀಲವನ್ನೋ ಜಾಕನ್ನೋ ಮಾತ್ರ ನಂಬಿ ವಾಹನದಡಿ ನುಸುಳಕೂಡದು. ಚಾಸಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟಿರಬೇಕು.

ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚು. ಕಂಪ್ರೆಸರ್ ಜೊತೆಗಿರುವ ಡ್ರೈಯರಿನ ಹರಳುಗಳು ತೇವ ಹೀರಿ ಹೀರಿ ದಣಿದ ಮೇಲೆ ನೀರು ವಾಲ್ವ್‌ಗೆ ಇಳಿಯುತ್ತದೆ. ಕಂಪ್ರೆಸರ್ ಬದಲಿಸುವಾಗ ಡ್ರೈಯರ್ ಮತ್ತು ರಿಲೇಯನ್ನೂ ಬದಲಿಸುವುದು ಸೂಕ್ತ. ಟೈರಿನಂತೆ ಹೊರಗಿನಿಂದ ಗಾಳಿ ತುಂಬಿಸುವ ಚೀಲಗಳಲ್ಲಿ ಈ ತೊಡಕಿಲ್ಲ. ಆದರೆ ಅವುಗಳನ್ನು ಪೂರ್ತಿ ಖಾಲಿ ಬಿಟ್ಟು ಓಡಿಸಿದರೆ ರಬ್ಬರು ಮಡಚಿ ಹರಿಯುತ್ತದೆ. ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಒತ್ತಡ ಸದಾ ಇರಬೇಕು.

ಇನ್ನು ಹೊರೆಯ ವಿಚಾರ. ಆಕ್ಸಲ್‌ಗಳ ನಡುವೆ 3 ಮೀಟರ್ ದೂರವಿದ್ದು, ಕೊಕ್ಕೆಯು ಹಿಂದಿನ ಆಕ್ಸಲಿನಿಂದ 1.2 ಮೀಟರ್ ಹಿಂದಿದೆಯೆಂದುಕೊಳ್ಳೋಣ. ಟ್ರೇಲರಿನ ಮೂತಿ ಕೊಕ್ಕೆಯನ್ನು 100 ಕಿಲೋ ಒತ್ತಿದರೆ ಹಿಂದಿನ ಆಕ್ಸಲಿಗೆ ಬೀಳುವುದು 140 ಕಿಲೋ. ಮುಂದಿನ ಚಕ್ರಗಳಿಂದ 40 ಕಿಲೋ ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಹಗುರಾಗುವುದು ಈ ಕಾರಣಕ್ಕೇ. ಗಾಳಿ ತುಂಬಿಸಿದರೆ ಎತ್ತರವಷ್ಟೇ ಸರಿಹೋಗುತ್ತದೆ, ಈ ತೂಕ ಹಾಗೆಯೇ ಉಳಿಯುತ್ತದೆ. 1000 ಲೀಟರ್ ನೀರೆಂದರೆ 1000 ಕಿಲೋ. ಟ್ಯಾಂಕನ್ನು ಟ್ರೇಲರಿನ ಆಕ್ಸಲಿಗಿಂತ ಬಹಳ ಮುಂದಕ್ಕೆ ಕೂರಿಸಿದ್ದರೆ ಹಿಂದಕ್ಕೆ ಸರಿಸಬೇಕು. ಅತಿಯಾಗಿ ಹಿಂದೆ ಸರಿಸಿದರೆ ಮೂತಿ ಹಗುರಾಗಿ ಟ್ರೇಲರ್ ಅತ್ತಿತ್ತ ತೂಗಾಡುತ್ತದೆಂಬುದೂ ನೆನಪಿರಲಿ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದ ಮಿತಿಯನ್ನು ಗಾಳಿಚೀಲ ಹೆಚ್ಚಿಸುವುದಿಲ್ಲ. ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಎಲ್ಲಕ್ಕಿಂತ ಗಂಭೀರವಾದ ಸಂಗತಿ ಬ್ರೇಕಿನದು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಒಂದಿರುತ್ತದೆ. ಹಿಂಬದಿ ತಗ್ಗಿದಷ್ಟೂ ಹೊರೆ ಹೆಚ್ಚೆಂದು ಎಣಿಸಿ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಳಿಚೀಲ ಹಿಂಬದಿಯನ್ನು ಎತ್ತಿ ಹಿಡಿದಾಗ ತುಂಬಿದ ವಾಹನವೂ ಆ ವಾಲ್ವ್‌ಗೆ ಖಾಲಿಯಾಗಿಯೇ ತೋರುತ್ತದೆ. ಒದ್ದೆ ರಸ್ತೆಯ ಇಳಿಜಾರಿನ ತಿರುವಿನಲ್ಲಿ, ಹಿಂದೆ ನೀರಿನ ಟ್ಯಾಂಕು ದೂಡುತ್ತಿರುವಾಗ, ಹಿಂದಿನ ಬ್ರೇಕು ಅರೆಬರೆ ಹಿಡಿಯುವುದೆಂದರೆ ಏನೆಂಬುದು ಇಲ್ಲಿನ ಚಾಲಕರಿಗೆ ಹೇಳಬೇಕಾಗಿಲ್ಲ. ಚೀಲ ಅಳವಡಿಸಿದ ವಾಹನ ಪಂಚಾಯಿತಿಯ ವಶದಲ್ಲಿದ್ದರೆ ಈ ವಾಲ್ವ್‌ನ ಹೊಂದಾಣಿಕೆಯನ್ನು ವಾಹನ ತಯಾರಕರ ಅಧಿಕೃತ ಕಾರ್ಯಾಗಾರದಲ್ಲಿ ಪರೀಕ್ಷಿಸಿಕೊಂಡ ನಂತರವೇ ಟ್ರೇಲರ್ ಕಟ್ಟತಕ್ಕದ್ದು.

ದುರಸ್ತಿಯ ಅಂದಾಜು ಪಟ್ಟಿಯೊಡನೆ ಸಂಜೆಯ ಎರಡು, ಬೆಳಗಿನ ಎರಡು ಅಳತೆಗಳ ಚೀಟಿಯನ್ನು ಲಗತ್ತಿಸಿದರೆ, ಕಂಪ್ರೆಸರ್ ಬೇಕೋ ಒಂದು ತುಂಡು ಪೈಪು ಸಾಕೋ ಎಂಬುದು ಮಂಜೂರಾತಿಗೆ ಮುನ್ನವೇ ತಿಳಿಯುತ್ತದೆ.