ಸಿಂಹಧಾಮದ ಬಿಸಿಲು, ಘಟ್ಟದ ಮಳೆ

ಶಿವಮೊಗ್ಗದ ತ್ಯಾವರೆಕೊಪ್ಪ ಸಿಂಹಧಾಮಕ್ಕೆ ಏಪ್ರಿಲ್‌ನಲ್ಲಿ ಹೋಗಿ ನೋಡಿ. ಎಲೆ ಉದುರಿದ ಕಾಡು, ಕಾದ ನೆಲ, ನೆರಳು ಬಿಟ್ಟೇಳದ ಸಿಂಹಗಳು. ಈ ಬಿಸಿಲನ್ನು ಬೈಯುವಂತಿಲ್ಲ. ಮಳೆಗಾಳಿಯನ್ನು ಕರೆತರುವುದೂ ಇದೇ.

ಸೂರ್ಯ ಭೂಮಿಯನ್ನು ಎಲ್ಲೆಡೆ ಒಂದೇ ಸಮನೆ ಕಾಯಿಸುವುದಿಲ್ಲ. ಬೇಸಿಗೆಯಲ್ಲಿ ಸಮುದ್ರಕ್ಕಿಂತ ನಮ್ಮ ಉಪಖಂಡದ ನೆಲ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇರಿ ಒತ್ತಡ ಕುಸಿದಾಗ, ದಕ್ಷಿಣ ಹಿಂದೂ ಮಹಾಸಾಗರದ ತೇವದ ಗಾಳಿ ಸಮಭಾಜಕ ವೃತ್ತ ದಾಟಿ ಇತ್ತ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಬಲಕ್ಕೆ ಹೊರಳಿ ನೈಋತ್ಯ ಮಾರುತವಾಗುತ್ತದೆ.

ಘಟ್ಟವೇರುತ್ತ ತಣಿದು ಅದು ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸುತ್ತದೆ. ಶಿವಮೊಗ್ಗ ತಲುಪುವಷ್ಟರಲ್ಲಿ ಸಾವಿರದ ಆಸುಪಾಸು! ಆದರೂ ಗಾಜನೂರು ಅಣೆಕಟ್ಟೆ ತುಂಬುವುದು ಆ ಘಟ್ಟದ ಮಳೆಯಿಂದಲೇ. ಪೆಸಿಫಿಕ್ ಸಾಗರ ಅತಿಯಾಗಿ ಕಾದು ಗಾಳಿ ಅತ್ತಲೇ ಮೇಲೇರಿದ 2023ರಲ್ಲಿ ಮುಂಗಾರು ಸೊರಗಿತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆನಿಸಿದವು.