ಗೃಹಸ್ಥನ ದಿನಸಿ ಲೆಕ್ಕ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದರು. ಇಂದಿಗೆ ಎಷ್ಟು ಬೇಕೆಂಬುದು ಆ ತಾಯಿಗೆ ನಿಶ್ಚಯವಾಗಿ ತಿಳಿದಿತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟಿಗರಿಗೆ ಅಡಿಕೆಯ ಹಣ ಬರುವುದು ಕೊಯ್ಲು ಮುಗಿದ ಮೇಲೆ. ಒಲೆಯಾದರೋ ವರ್ಷವಿಡೀ ಉರಿಯಬೇಕು. ಹಣ ಬಂದ ತಿಂಗಳು ಕೈ ಸಡಿಲ, ಆಷಾಢದ ಹೊತ್ತಿಗೆ ಅಂಗಡಿಯ ಉದ್ರಿ ಪುಸ್ತಕ. ಮುಂದಿನ ಫಸಲು ಮಂಡಿ ಸೇರುವ ಮೊದಲೇ ಅದರಲ್ಲೊಂದು ಪಾಲು ಸಾಲಕ್ಕೆ ಸಂದಿರುತ್ತದೆ.

ಆದುದರಿಂದ ಹಣ ಕೈಸೇರಿದ ದಿನವೇ ದಿನಸಿಯ ಭಾಗವನ್ನು ಬೇರೆ ತೆಗೆದಿಡಿರಿ. 65,000 ರೂಪಾಯಿ ಎನ್ನೋಣ. 13 ಪಾಲು ಮಾಡಿರಿ. ತಿಂಗಳಿಗೆ 5,000ದಂತೆ 12 ಪಾಲು; ಹದಿಮೂರನೆಯದು ಹಬ್ಬಕ್ಕೆ, ನೆಂಟರಿಗೆ. ಹಬ್ಬವನ್ನು ಲೆಕ್ಕದಿಂದ ಹೊರಗಿಟ್ಟವರೇ ದೀಪಾವಳಿ ಕಳೆಯುತ್ತಲೇ ಲೆಕ್ಕವನ್ನು ಕೈಬಿಡುವವರು. ಮೃಗಶಿರಾ ಮಳೆಗೆ ಮುಂಚೆ ಮಳೆಗಾಲದ ದಾಸ್ತಾನು ತಂದರೆ, ಆ ಹಣವನ್ನು ಮಳೆಗಾಲದ ತಿಂಗಳುಗಳ ಪಾಲಿನಿಂದಲೇ ಕಳೆಯಬೇಕು. ಪೇಟೆಗೆ ಹೊರಡುವ ಮೊದಲು ಡಬ್ಬಿಗಳನ್ನು ತೆರೆದು ನೋಡಿ ಚೀಟಿ ಬರೆಯಿರಿ. ಬರೆಯುವವರು ಅಡಿಗೆ ಮಾಡುವವರೇ ಆಗಿರಲಿ. ಯಜಮಾನರು ಪುಸ್ತಕ ಹಿಡಿದು ಗೃಹಿಣಿಯನ್ನು ಗದರಿಸುವುದು ಮಿತವ್ಯಯವೆನಿಸದು.

ಕೊಳೆರೋಗವಿದೆ, ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಹಬ್ಬಿದೆ. ಹೋದ ವರ್ಷದ ಅಳತೆಯನ್ನು ಈ ವರ್ಷಕ್ಕೆ ಹಿಡಿಯಬಾರದು. ಬಂದಷ್ಟನ್ನೇ ಪಾಲು ಮಾಡಬೇಕು. ಪಾಲು ಸಣ್ಣದಾದರೆ ಮಠಕ್ಕೆ ಏನು ಸಲ್ಲಿಸುವುದೆಂದು ಕೆಲವು ತಾಯಂದಿರು ನಮ್ಮೆದುರು ಕಣ್ಣೀರಿಟ್ಟಿದ್ದಾರೆ. ಸೇರು ತರುತ್ತಿದ್ದವರು ಪಾವು ತನ್ನಿರಿ, ಅದೂ ಇಲ್ಲದಿದ್ದರೆ ಬರಿಗೈಯಲ್ಲಿ ಬಂದು ಪ್ರಸಾದ ಸ್ವೀಕರಿಸಿರಿ. ಉದ್ರಿ ತಂದ ಅಕ್ಕಿಯನ್ನು ಮಾತ್ರ ಮಠಕ್ಕೆ ತರಬೇಡಿರಿ.