360 ಡಿಗ್ರಿ ಟೂರ್ ಮಾಡಿಸ್ತೀರಾ? ರೊಕ್ಕ ಕೊಡುವ ಮೊದಲು ಇಷ್ಟು ಕೇಳಿಕೊಳ್ರಿ

ಮದುವೆ ಸೀಸನ್ ಬಂತಂದ್ರೆ ಬಸವನ ಬಾಗೇವಾಡಿಯ ಮಂಗಲ ಕಾರ್ಯಾಲಯದವರಿಗೆ ಬರೋ ಫೋನ್ ಎಲ್ಲ ಒಂದೇ ನಮೂನಿ. "ಹಾಲ್ ಎಷ್ಟು ದೊಡ್ಡದೈತ್ರಿ? ಊಟದ ಹಾಲ್ ಬ್ಯಾರೆ ಐತೋ ಇಲ್ಲೋ?" ಪುಣೆ, ಸೊಲ್ಲಾಪುರದಲ್ಲಿರುವ ಬೀಗರು ಬಂದು ನೋಡಿ ಹೋಗುವುದೆಂದರೆ ಒಂದು ದಿನದ ಕೆಲಸ. ಇಂಥ ಕಡೆ 360 ಡಿಗ್ರಿ ಟೂರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮೊಬೈಲ್‌ನಲ್ಲಿ ಬೆರಳು ಸರಿಸಿದರೆ ಹಾಲ್ ಪೂರ್ತಿ ತಿರುಗಿ ಕಾಣುತ್ತದೆ, ಬಾಣದ ಗುರುತು ಒತ್ತಿದರೆ ಊಟದ ಹಾಲ್‌ಗೆ ಹೋಗಬಹುದು. ಲಾಡ್ಜ್, ಶಾಲೆ, ದೊಡ್ಡ ಬಟ್ಟೆ ಅಂಗಡಿಗೂ ಸರಿ. ಕಿರಾಣಿ ಅಂಗಡಿಗೆ ಮಾತ್ರ ಇದರ ಜರೂರು ಇಲ್ಲ, ನಾಲ್ಕು ಒಳ್ಳೆ ಫೋಟೋ ಸಾಕು.

ಕೆಲಸ ನಡೆಯುವುದು ಹೀಗೆ. ಹಿಂದೆ-ಮುಂದೆ ಎರಡು ಲೆನ್ಸ್ ಇರುವ ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಫೋಟೋಗ್ರಾಫರ್ ಮರೆಗೆ ಹೋಗಿ ಕ್ಲಿಕ್ ಮಾಡುತ್ತಾನೆ. ಎರಡೂ ಚಿತ್ರ ಜೋಡಿಸಿದರೆ ಎತ್ತರಕ್ಕಿಂತ ಸರಿಯಾಗಿ ಎರಡು ಪಟ್ಟು ಅಗಲದ ಒಂದು ಫೋಟೋ ಆಗುತ್ತದೆ. ಹಾಗೇ ನೋಡಿದರೆ ಅದು ಸೊಟ್ಟಪಟ್ಟ. ವೆಬ್‌ಸೈಟ್‌ನಲ್ಲಿ ಅದನ್ನು ಗೋಲಾಕಾರ ಮಾಡಿ ತೋರಿಸಲು 'ವ್ಯೂವರ್' ಅನ್ನೋ ಸಾಫ್ಟ್‌ವೇರ್ ಬೇಕು. ಪ್ಯಾನೆಲಮ್‌ನಂಥವು ಪುಕ್ಕಟೆ ಸಿಗುತ್ತವೆ.

ಜಗಳ ಹುಟ್ಟುವುದು ಇಲ್ಲೇ ನೋಡ್ರಿ. ಟೂರ್‌ನ ಫೈಲ್ ಎಲ್ಲಿ ಇಡ್ತಾರೆ? ನಿಮ್ಮ ವೆಬ್‌ಸೈಟ್‌ನ ಜಾಗದಲ್ಲೇ ಇಟ್ಟರೆ ಅದು ನಿಮ್ಮದು. ತಿಂಗಳ ಬಾಡಿಗೆಯ ಬೇರೆ ಕಂಪನಿಯಲ್ಲಿಟ್ಟು, ನಿಮ್ಮ ವೆಬ್‌ಸೈಟ್‌ನಲ್ಲಿ ಬರೀ ಕಿಟಕಿ ಕೂರಿಸಿದ್ದರೆ, ಬಾಡಿಗೆ ನಿಂತ ದಿನ ಆ ಕಿಟಕಿ ಖಾಲಿ. ಎರಡನೆಯದು ತಪ್ಪಲ್ಲ, ಆದರೆ ಬಾಡಿಗೆ ಯಾರು ಕಟ್ಟಬೇಕು, ಎಷ್ಟು ವರ್ಷ ಅಂತ ಮೊದಲೇ ಬರೆಸಿಕೊಳ್ಳಬೇಕು. ಏನೇ ಆದರೂ ಮೂಲ ಫೋಟೋಗಳನ್ನು ಪೆನ್‌ಡ್ರೈವ್‌ನಲ್ಲಿ ಇಸಕೊಳ್ರಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಸೈಜ್ ಕುಗ್ಗಿ, ಇದು 360 ಫೋಟೋ ಅನ್ನೋ ಗುರುತೂ ಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಕೊಟ್ಟ ಟೂರ್ ಡಬಲ್ ಕ್ಲಿಕ್ ಮಾಡಿದರೆ ತೆರೆಯದೇ ಇರಬಹುದು. ಗಾಬರಿ ಬೇಡ, ಬ್ರೌಸರ್‌ಗಳು ಸುರಕ್ಷತೆಗಾಗಿ ಹಾಗೆ ತಡೆಯುತ್ತವೆ, ವೆಬ್‌ಸೈಟ್‌ಗೆ ಏರಿಸಿದ ಮೇಲೆ ನಡೆಯುತ್ತದೆ.

ಗೂಗಲ್ ಮ್ಯಾಪ್‌ನಲ್ಲಿ ಹಾಕುವುದು ಬೇರೆ ಮಾತು. ಬೆಂಗಳೂರಲ್ಲಿ 2011ರಲ್ಲಿ ಗೂಗಲ್ ಕಾರು ಬೀದಿ ಫೋಟೋ ತೆಗೆಯಲು ಶುರು ಮಾಡಿದಾಗ ಪೊಲೀಸರು ನಿಲ್ಲಿಸಿದ್ದರು, ಸ್ಟ್ರೀಟ್ ವ್ಯೂ ಮತ್ತೆ ಬಂದದ್ದು 2022ರಲ್ಲಿ. ಅಂಗಡಿ ಒಳಗಿನ ಫೋಟೋವನ್ನು ಮಾತ್ರ ಮಾಲೀಕರ ಒಪ್ಪಿಗೆಯಿಂದ ಯಾರು ಬೇಕಾದರೂ ಹಾಕಬಹುದು, ಅದಕ್ಕೆ ಗೂಗಲ್ ಫೀ ಇಲ್ಲ. "ಗೂಗಲ್‌ಗೆ ಕಟ್ಟಬೇಕ್ರಿ" ಅಂತ ಯಾರಾದರೂ ಕೇಳಿದರೆ ನಂಬಬೇಡಿ. ನೀವು ಕೊಡೋದು ಫೋಟೋಗ್ರಾಫರ್ ಮಜೂರಿ ಅಷ್ಟೇ. ಆತನ ಅಕೌಂಟ್‌ನಿಂದ ಹಾಕಿದ್ದನ್ನು ಆತ ಅಳಿಸಲೂಬಹುದು, ನೆನಪಿರಲಿ.

ಶೂಟಿಂಗ್ ದಿನ ಗಿರಾಕಿ ಇಲ್ಲದ ಮುಂಜಾನೆ ಹೊತ್ತು ಚಲೋ. ಈ ಕ್ಯಾಮೆರಾ ಮೇಲೆ-ಕೆಳಗೆ, ಹಿಂದೆ-ಮುಂದೆ ಎಲ್ಲ ಹಿಡಿಯುತ್ತದೆ. ಗಲ್ಲೆ, ತಿಜೋರಿ, ಉದ್ರಿ ಪುಸ್ತಕ, ಹಿಂಬಾಗಿಲ ಚಿಲಕ ಕಂಡರೆ ಕಳ್ಳನಿಗೆ ನಕಾಶೆ ಕೊಟ್ಟಂಗ. ಲಾಡ್ಜ್‌ನವರು ರಿಜಿಸ್ಟರ್ ಮುಚ್ಚಿಡಿ. ಜನರ ಮುಖ ಬಿದ್ದಿದ್ದರೆ ಮಬ್ಬು ಮಾಡಿಸಿ.

ಇನ್ನೊಂದು, ಫೋಟೋದ ತೂಕ. ಎಂಟು-ಹತ್ತು ಎಂಬಿಯ ಫೋಟೋ ಹಂಗೇ ಹಾಕಿದರೆ ಹಳ್ಳಿಯ ನೆಟ್‌ವರ್ಕ್‌ನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ಹಳೇ ಮೊಬೈಲ್‌ನಲ್ಲಿ ಕಪ್ಪು ಪರದೆ ಬರಬಹುದು. ಫೋಟೋವನ್ನು ಸಣ್ಣ ತುಂಡು ಮಾಡಿ, ನೋಡುವ ಭಾಗ ಮಾತ್ರ ಇಳಿಯುವ ಹಾಗೆ ಮಾಡಲು ಹೇಳಬೇಕು. ಆಫೀಸಿನ ವೈಫೈನಲ್ಲಿ ತೋರಿಸಿದ್ದನ್ನು ನೋಡಿ ತಲೆ ಆಡಿಸಬೇಡಿ. ನಿಮ್ಮ ಊರಲ್ಲೇ ನಿಂತು, ಮನೆಯ ಹಳೇ ಫೋನ್‌ನಲ್ಲಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ, ಆಮೇಲೆ ಬಾಕಿ ರೊಕ್ಕ ಕೊಡಿ.